ಮೀನು ಎಲ್ಲಿಂದ ತರೋದು? ಏರಿಯಾ ಅಂಗಡಿ, ಶೋರೂಮ್, ಆನ್‌ಲೈನ್, ಟೆರೇಸ್ ಬ್ರೀಡರ್

ಬೆಂಗಳೂರಿನಲ್ಲಿ ಅಕ್ವೇರಿಯಂ ಮೀನು ಬೇಕು ಅಂದರೆ ನಾಲ್ಕು ದಾರಿ ಇವೆ. ಮನೆ ಹತ್ತಿರದ ಪೆಟ್ ಶಾಪ್, ಲೈಟು ಜಗಮಗಿಸುವ ದೊಡ್ಡ ಶೋರೂಮ್, ಆನ್‌ಲೈನ್ ಆರ್ಡರ್, ಮತ್ತೆ ಟೆರೇಸ್ ಮೇಲೆ ಮರಿ ಮಾಡಿಸಿ ಮಾರುವ ಹವ್ಯಾಸಿಗಳು. ನಾನು ನಾಲ್ಕೂ ಕಡೆಯಿಂದ ತಂದಿದ್ದೇನೆ. ಹೆಚ್ಚಾಗಿ ಗಪ್ಪಿ, ಯಾಕಂದರೆ ಅದು ಎಲ್ಲಾ ಕಡೆ ಸಿಗುತ್ತೆ, ಹೋಲಿಸಿ ನೋಡೋದು ಸುಲಭ. ತಂದ ಮೀನನ್ನು ಸೀದಾ ದೊಡ್ಡ ಟ್ಯಾಂಕಿಗೆ ಬಿಡದೆ ಬೇರೆ ಟಬ್ಬಿನಲ್ಲಿ ಮೂರು-ನಾಲ್ಕು ವಾರ ಇಟ್ಟು ನೋಡುತ್ತೇನೆ. ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ, ಅದು ಎಷ್ಟಿದೆ ಅಂತ ತಿಳಿಯಲು ಕವರಿನ ನೀರಿಗೆ ಟೆಸ್ಟ್ ಕಿಟ್ ಹಾಕುತ್ತೇನೆ. ನಾನು ಬಳಸುವ ಕಿಟ್ಟಿನಲ್ಲಿ ನೀರು ಹಳದಿ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ಆ ಮೀನು ಇಷ್ಟು ದಿನ ತನ್ನದೇ ಗಲೀಜಿನಲ್ಲಿ ಉಸಿರಾಡುತ್ತಿತ್ತು ಅಂತ ಅರ್ಥ.

ಏರಿಯಾ ಅಂಗಡಿಯಿಂದ ತಂದ ನೀರು ಪ್ರತಿ ಸಲ ಹಸಿರೇ. ಅಲ್ಲಿ ಮುಂದೆ ನಾಯಿ ಬಿಸ್ಕತ್ತು, ಪಕ್ಕದಲ್ಲಿ ಲವ್ ಬರ್ಡ್ಸ್, ಹಿಂದಿನ ಗೋಡೆಗೆ ಮೀನಿನ ಟ್ಯಾಂಕುಗಳು. ನಮ್ಮ ಕಡೆಗೆ ಬರುವ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆಯದು. ಆಕ್ಸಿಜನ್ ತುಂಬಿದ ಕವರಿನಲ್ಲಿ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬರುತ್ತದೆ, ಪ್ಯಾಕ್ ಮಾಡುವ ಮುಂಚೆ ಒಂದೆರಡು ದಿನ ಊಟವನ್ನೂ ಕೊಟ್ಟಿರುವುದಿಲ್ಲ, ಹಾಗೆ ಬಂದದ್ದು ಅದೇ ಸಂಜೆ ಮಾರಾಟಕ್ಕೆ ನಿಲ್ಲುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದೇ ಇಲ್ಲ. ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ. ಫಿಲ್ಟರಿನ ಸ್ಪಂಜಿನಲ್ಲಿ ಕೂತು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗೂ ಆಕ್ಸಿಜನ್ ಬೇಕಲ್ವಾ? ರಾತ್ರಿಪೂರ್ತಿ ಪಂಪು ನಿಂತರೆ ಅವು ಸೊರಗುತ್ತವೆ. ಬೆಳಿಗ್ಗೆ ಮತ್ತೆ ಗುಳ್ಳೆ ಬರುತ್ತೆ, ನೋಡುವವರಿಗೆ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತೆ.

ಕೌಂಟರಿನ ಮೇಲಿನ ಫೈಟರ್ (ಬೆಟ್ಟಾ) ಮೀನುಗಳ ಕಥೆಯೇ ಬೇರೆ. ಜ್ಯೂಸ್ ಕಪ್ಪಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧ ನೀರು, ಒಂದು ಮೀನು. ಕೇಳಿದರೆ "ಫೈಟರ್‌ಗೆ ಏರ್ ಪಂಪ್ ಬೇಡ ಸಾರ್, ಗದ್ದೆ ನೀರಲ್ಲಿ ಇರೋ ಮೀನು ಇದು" ಅನ್ನುತ್ತಾರೆ. ಅರ್ಧ ನಿಜ. ಥಾಯ್ಲೆಂಡ್ ಕಡೆಯ ಈ ಮೀನಿನ ತಲೆಯಲ್ಲಿ ಲ್ಯಾಬಿರಿಂತ್ ಅನ್ನುವ ಅಂಗ ಇದೆ, ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಡಬ್ಬಿಯಲ್ಲಿ ಬೇಗ ಸಾಯುವುದಿಲ್ಲ. ಆದರೆ ಗದ್ದೆ ನೀರು ಆಳ ಇಲ್ಲದಿದ್ದರೂ ಅಗಲ ಇರುತ್ತೆ, ಗಿಡ ಇರುತ್ತೆ, ಬಿಸಿಲಿಗೆ ಬೆಚ್ಚಗಿರುತ್ತೆ. ಗಾಳಿ ಕುಡಿದರೆ ಡಬ್ಬಿಯ ಅಮೋನಿಯಾ ಏನು ಹೊರಟುಹೋಗಲ್ಲ. ಅದಕ್ಕೆ ಸುಮಾರು 24ರಿಂದ 28 ಡಿಗ್ರಿ ನೀರು ಬೇಕು, ನಮ್ಮ ಡಿಸೆಂಬರ್ ರಾತ್ರಿಗೆ ಅಷ್ಟು ಸಣ್ಣ ಡಬ್ಬಿ ತಣ್ಣಗೆ ಕೊರೆಯುತ್ತಿರುತ್ತೆ. ಕಮ್ಮಿ ಅಂದರೂ 20 ಲೀಟರ್ ನೀರಿನಲ್ಲಿ ಇಡಬೇಕಾದ ಮೀನು ಅದು. ಡಬ್ಬಿಯಲ್ಲಿ ಅಲುಗಾಡದೆ ಬಿದ್ದಿದ್ದರೆ "ಶಾಂತ ಸ್ವಭಾವ" ಅನ್ನುತ್ತಾರೆ, ಅದಕ್ಕೆ ಅಲುಗಾಡುವ ಶಕ್ತಿಯೇ ಇರಲ್ಲ ಅಷ್ಟೇ.

ಪಾಪ ಅಂತ ಅಂಥ ಫೈಟರ್ ಕೊಂಡು ತರುವವರು ಇದ್ದಾರೆ, ನನ್ನ ಗೆಳೆಯರಲ್ಲೇ ಇದ್ದಾರೆ. ಅವರ ಮನಸ್ಸು ಅರ್ಥ ಆಗುತ್ತೆ. ಆದರೆ ಅಂಗಡಿಯವನ ಲೆಕ್ಕದಲ್ಲಿ ಅದೂ ಒಂದು ವ್ಯಾಪಾರ, ಮುಂದಿನ ಲೋಡಿನಲ್ಲಿ ಇನ್ನೊಂದು ಮೀನು ಅದೇ ಡಬ್ಬಿಗೆ ಬರುತ್ತೆ.

ಶೋರೂಮಿಗೆ ಕಾಲಿಟ್ಟರೆ ಸ್ವರ್ಗ. ಮುಂದೆ ಗಿಡ ತುಂಬಿದ ಟ್ಯಾಂಕು, ನಿಯಾನ್ ಟೆಟ್ರಾ ಗುಂಪು, ಫೋಟೋ ತೆಗೆಯುವ ಜನ. ಮಾರುವ ಮೀನು ಇರೋದು ಅಲ್ಲಲ್ಲ, ಹಿಂದಿನ ರ‍್ಯಾಕಿನಲ್ಲಿ. ನಾನು ಹೋದ ಒಂದು ಕಡೆ ಆ ರ‍್ಯಾಕಿನ ಎಲ್ಲಾ ಟ್ಯಾಂಕಿಗೂ ಒಂದೇ ಸಂಪು (ಫಿಲ್ಟರ್ ಇರುವ ತೊಟ್ಟಿ), ಒಂದೇ ನೀರು ಸುತ್ತುತ್ತಿತ್ತು. ಇದಕ್ಕೆ ಒಳ್ಳೇದೂ ಇದೆ, ನೀರು ಜಾಸ್ತಿ ಇರುವುದರಿಂದ ಅಮೋನಿಯಾ ಬೇಗ ಏರುವುದಿಲ್ಲ. ನನ್ನ ಕಿಟ್ಟಿನ ಟ್ಯೂಬು ಅಲ್ಲಿ ಹಳದಿಯೇ ಬಂತು. ಆದರೆ ಅಲ್ಲಿಂದ ತಂದ ಗಪ್ಪಿಗಳಿಗೆ ಟಬ್ಬಿನಲ್ಲಿ ಬಿಳಿ ಚುಕ್ಕೆ ರೋಗ ಬಂತು, ಮೈಮೇಲೆ ಉಪ್ಪು ಉದುರಿಸಿದ ಹಾಗೆ. ಆ ಪರಾವಲಂಬಿ ಜೀವಿ ಮೀನಿನ ಮೈಯಿಂದ ಕಳಚಿ ಬಿದ್ದು, ತಳದಲ್ಲಿ ನೂರಾರು ಮರಿಯಾಗಿ ಒಡೆದು, ನೀರಿನಲ್ಲಿ ಈಜುತ್ತಾ ಹೊಸ ಮೀನು ಹುಡುಕುತ್ತದೆ. ಎಲ್ಲಾ ಟ್ಯಾಂಕಿಗೂ ಒಂದೇ ನೀರು ಅಂದರೆ ಅದಕ್ಕೆ ಹಬ್ಬ. ಸಂಪಿಗೆ ಯುವಿ ಲ್ಯಾಂಪ್ ಹಾಕಿದ್ದರೆ ಸ್ವಲ್ಪ ತಡೆಯುತ್ತೆ, ಕೇಳಿ ನೋಡಿ. ಬಲೆಯೂ ಒಂದೇ ಇರುತ್ತೆ ಬಹಳ ಕಡೆ, ಎಲ್ಲಾ ಟ್ಯಾಂಕಿಗೂ ಅದನ್ನೇ ಅದ್ದುತ್ತಾರೆ.

ಶೋರೂಮಿನಲ್ಲಿ ನನಗೆ ಸಿಟ್ಟು ಬರೋದು ಬಣ್ಣದ ಮೀನು ನೋಡಿದಾಗ. ಗುಲಾಬಿ, ನೀಲಿ ವಿಡೋ ಟೆಟ್ರಾ, ಬೆನ್ನಿನ ಮೇಲೆ ಹಸಿರು ಗೆರೆ ಇರುವ ಗಾಜಿನ ಮೀನು. ಗಾಜಿನ ಮೀನು ನಮ್ಮ ದೇಶದ್ದೇ, ಮೈ ಪಾರದರ್ಶಕ, ಹಾಗೇ ಬಿಟ್ಟರೆ ಎಷ್ಟು ಚೆಂದ. ಅದಕ್ಕೆ ಸೂಜಿ ಚುಚ್ಚಿ ಬಣ್ಣ ತುಂಬುತ್ತಾರೆ. ಕೆಲವು ತಿಂಗಳಲ್ಲಿ ಬಣ್ಣ ಮಾಸುತ್ತೆ, ಅಷ್ಟರ ತನಕ ಮೀನು ಉಳಿದರೆ. ಏರಿಯಾ ಅಂಗಡಿಯಲ್ಲೂ ಇವು ಸಿಗುತ್ತವೆ, ಆದರೆ ಶೋರೂಮಿನವರು ಗೊತ್ತಿದ್ದೂ ತರಿಸುತ್ತಾರೆ, ಅದೇ ಬೇಜಾರು.

ಇದಕ್ಕೆ ಕಾನೂನು ಇಲ್ವಾ ಅಂತ ಕೇಳಬಹುದು. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಮತ್ತು ಮೀನಿನ ಅಂಗಡಿಗಳಿಗೇ ಅಂತ ನಿಯಮ ತಂದಿತ್ತು, ವ್ಯಾಪಾರಿಗಳು ವಿರೋಧಿಸಿದರು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. 2018ರ ಪೆಟ್ ಶಾಪ್ ನಿಯಮದಲ್ಲಿ ನಾಯಿ, ಬೆಕ್ಕು, ಮೊಲ, ಹಕ್ಕಿ ಎಲ್ಲಾ ಇವೆ, ಮೀನಿನ ಹೆಸರು ಇಲ್ಲ. ಉಳಿದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಪ್ರಕಾರ ಮೀನೂ ಪ್ರಾಣಿಯೇ, ಆದರೆ ಒಂದು ಫೈಟರ್ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋಗಿ ನೋಡಿ, ನಗುತ್ತಾರೆ.

ಆನ್‌ಲೈನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾಕಿಂಗ್ ಅಂಗಡಿಗಿಂತ ಎಷ್ಟೋ ಮೇಲು, ಥರ್ಮಾಕೋಲ್ ಡಬ್ಬಿ, ಮೂರನೇ ಒಂದು ಭಾಗ ನೀರು, ಉಳಿದದ್ದು ಆಕ್ಸಿಜನ್. ಸತ್ತು ಬಂದರೆ ಕವರ್ ಬಿಚ್ಚದೆ ವಿಡಿಯೋ ಕಳಿಸಿ, ದುಡ್ಡು ವಾಪಸ್. ಆದರೆ ಮೀನು ಎಂಥ ಟ್ಯಾಂಕಿನಿಂದ ಬಂತು ಅಂತ ನೋಡೋಕೇ ಆಗಲ್ಲ, ಫೋಟೋ ಬೇರೆ ಮೀನಿನದು. ಒಂದು ಮಾತ್ರ ನೆನಪಿರಲಿ: ಎರಡು ದಿನ ಕವರಿನಲ್ಲಿದ್ದ ಮೀನನ್ನು ಗಂಟೆಗಟ್ಟಲೆ ಹನಿ ಹನಿಯಾಗಿ ಹೊಸ ನೀರಿಗೆ ಹೊಂದಿಸಲು ಹೋಗಬೇಡಿ. ಮುಚ್ಚಿದ ಕವರಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ನೀರು ಆಮ್ಲೀಯ ಆಗಿರುತ್ತೆ, ಹಾಗಾಗಿ ಅಮೋನಿಯಾ ಅಷ್ಟು ವಿಷ ಆಗಿರಲ್ಲ. ಬಿಚ್ಚಿದ ಕೂಡಲೇ ಆ ಗಾಳಿ ಹೋಗಿ ಪಿಎಚ್ ಏರುತ್ತೆ, ಅಂದರೆ ನೀರಿನ ಆಮ್ಲೀಯತೆ ಕಮ್ಮಿಯಾಗುತ್ತೆ, ಅದೇ ಅಮೋನಿಯಾ ಕಿವಿರು ಸುಡುತ್ತೆ. ಕವರನ್ನು ತೇಲಿಬಿಟ್ಟು ಬಿಸಿ ಸಮ ಮಾಡಿ, ಮೀನನ್ನು ಬೇಗ ಎತ್ತಿ ಬಿಡಿ, ಆ ನೀರು ಚೆಲ್ಲಿ.

ಟೆರೇಸ್ ಬ್ರೀಡರ್ ಹತ್ತಿರ ನೋಡೋಕೆ ಏನೂ ಇಲ್ಲ. ಹಳೇ ಥರ್ಮಾಕೋಲ್ ಡಬ್ಬಿ, ನೀಲಿ ಡ್ರಮ್ಮು, ಪಾಚಿಗಟ್ಟಿದ ಹಸಿರು ನೀರು. ಮೊದಲ ಸಲ ಹೋದವರು ಮೂಗು ಮುರಿಯುತ್ತಾರೆ. ಅಲ್ಲಿನ ನೀರು ಕಿಟ್ಟಿನಲ್ಲಿ ಹಳದಿ, ಪಾಚಿಯೇ ಅಮೋನಿಯಾ ತಿಂದು ಮುಗಿಸಿರುತ್ತೆ. ಬೋರ್‌ವೆಲ್ಲಿನ ಗಡಸು ನೀರು ಗಪ್ಪಿಗೆ ಇಷ್ಟ ಕೂಡ. ಮುಖ್ಯವಾಗಿ ಅಲ್ಲಿ ಹುಟ್ಟಿದ ಮೀನು ಅಲ್ಲೇ ಬೆಳೆದಿರುತ್ತೆ, ಪ್ರಯಾಣ ಅಂದರೆ ನನ್ನ ಸ್ಕೂಟರಿನದ್ದು ಮಾತ್ರ. ಟಬ್ಬಿನಲ್ಲಿ ಒಂದೂ ಸಾಯಲಿಲ್ಲ. ಆತ ಮಾರುವ ಮುಂಚೆ "ಟ್ಯಾಂಕ್ ಓಡಿಸಿ ಎಷ್ಟು ದಿನ ಆಯ್ತು?" ಅಂತ ಕೇಳುತ್ತಾನೆ. ಹೋದ ವಾರ ಅಂದವರಿಗೆ ಮೀನು ಕೊಡುವುದಿಲ್ಲ, ತನ್ನ ಹಳೇ ಸ್ಪಂಜನ್ನು ಹಿಂಡಿ ಆ ಕೊಳಕು ನೀರನ್ನು ಬಾಟಲಿಗೆ ತುಂಬಿ ಕೊಟ್ಟು ಕಳಿಸುತ್ತಾನೆ, ಬ್ಯಾಕ್ಟೀರಿಯಾ ಬೇಗ ಕೂರಲಿ ಅಂತ. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಸಕ್ಕರ್ ಫಿಶ್ ಅವನ ಹತ್ತಿರ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಬೆರಳುದ್ದ ಇದ್ದಾಗ "ಟ್ಯಾಂಕ್ ಕ್ಲೀನ್ ಮಾಡುತ್ತೆ" ಅಂತ ಕೊಡುತ್ತಾರೆ, ಅದು ಒಂದಡಿ ದಾಟಿ ಬೆಳೆಯುತ್ತೆ, ಆಮೇಲೆ ಜನ ಕೆರೆಗೆ ಬಿಡುತ್ತಾರೆ. ಕೇರಳ, ಆಂಧ್ರದ ನೀರಿನಲ್ಲಿ ಈಗಾಗಲೇ ಅದು ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ.

ಕೊರತೆ ಇಲ್ಲ ಅಂತಲ್ಲ. ಭಾನುವಾರ ಬಿಟ್ಟರೆ ಸಿಗಲ್ಲ, ಫೋನ್ ಎತ್ತಲ್ಲ, ಇರೋದು ಗಪ್ಪಿ, ಮೋಲಿ, ಫೈಟರ್ ಅಷ್ಟೇ. ಒಂದೇ ಮನೆತನದ ಮೀನುಗಳನ್ನೇ ಮತ್ತೆ ಮತ್ತೆ ಜೋಡಿ ಮಾಡುವುದರಿಂದ ಬೆನ್ನು ಬಾಗಿದ ಮರಿಗಳೂ ಬರುತ್ತವೆ, ಆರಿಸಿ ತಗೊಳ್ಳಬೇಕು.

ಈಗ ನಾನು ಗಪ್ಪಿ, ಫೈಟರ್ ಆ ಟೆರೇಸ್ ಬ್ರೀಡರ್ ಹತ್ತಿರದಿಂದಲೇ ತರುತ್ತೇನೆ. ಟೆಟ್ರಾ, ಕೋರಿಡೋರಾಸ್ (ತಳದಲ್ಲಿ ಓಡಾಡುವ ಸಣ್ಣ ಮೀನು) ಬೇಕಾದರೆ ಶೋರೂಮು, ಆದರೆ ಅಂಗಡಿಗೆ ಮೀನು ಬಂದ ದಿನವೇ ಮನೆಗೆ ತರುವುದಿಲ್ಲ. ಅರ್ಧ ದುಡ್ಡು ಕೊಟ್ಟು "ಒಂದು ವಾರ ಇಲ್ಲೇ ಇರಲಿ" ಅನ್ನುತ್ತೇನೆ, ವಾರ ಬಿಟ್ಟು ಹೋಗಿ ನನ್ನ ಎದುರೇ ಊಟ ಹಾಕಿಸಿ, ತಿನ್ನುವುದನ್ನು ನೋಡಿ ತರುತ್ತೇನೆ. ಒಪ್ಪದ ಅಂಗಡಿಯಿಂದ ತರುವುದಿಲ್ಲ. ಏರಿಯಾ ಅಂಗಡಿಯಿಂದ ಮೀನಿನ ಊಟ, ಪೈಪು, ಏರ್ ಸ್ಟೋನ್ ತಗೊಳ್ಳುತ್ತೇನೆ, ರೇಟು ಅವನದ್ದೇ ಕಮ್ಮಿ.