ಬೋಲ್ಟ್ ಥ್ರೋವರ್ ಕೇಳಲು ಶುರು ಮಾಡೋದು ಎಲ್ಲಿಂದ? 1992ರಿಂದಲೋ, 2005ರಿಂದಲೋ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1986ರಲ್ಲಿ ಹುಟ್ಟಿದ ಡೆತ್ ಮೆಟಲ್ (ಗುಡುಗುವ ದನಿ, ಭಾರಿ ಗಿಟಾರ್ ಸದ್ದಿನ ರಾಕ್ ಸಂಗೀತ) ಬ್ಯಾಂಡ್ ಇದು. ಹಾಡುಗಳೆಲ್ಲ ಹೆಚ್ಚುಕಡಿಮೆ ಯುದ್ಧದ ಬಗ್ಗೆಯೇ. ಹೊಸಬರು ಕೇಳಿದರೆ ನಾನು ಎರಡೇ ಆಲ್ಬಮ್ ಹೇಳುತ್ತೇನೆ.

'ದಿ ಫೋರ್ತ್ ಕ್ರುಸೇಡ್' (1992) ನಿಧಾನದ್ದು, ಭಾರದ್ದು. ಗಿಟಾರ್ ಸದ್ದು ದಟ್ಟವಾಗಿದೆ, ಮಸುಕು ಕೂಡ. ಮೊದಲ ಸಲ ಕೇಳಿದಾಗ ಹಾಡುಗಳೆಲ್ಲ ಒಂದೇ ಥರ ಅನ್ನಿಸಬಹುದು. ಕತ್ತಲ ವಾತಾವರಣ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಈ ಬ್ಯಾಂಡಿನಲ್ಲೇ ಇಲ್ಲ. ಮುಖಪುಟದಲ್ಲಿ ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ ಬರೆದ ಚಿತ್ರವಿದೆ: ಕ್ರುಸೇಡಿನವರು (ಮಧ್ಯಯುಗದ ಕ್ರೈಸ್ತ ಧರ್ಮಯೋಧರು) ಕಾನ್‌ಸ್ಟಾಂಟಿನೋಪಲ್‌ಗೆ ನುಗ್ಗುತ್ತಿರುವುದು. ಹಾಡುಗಳಿಗೆ ಸರಿಯಾಗಿ ಹೊಂದುತ್ತದೆ, ಅಲ್ವಾ?

'ದೋಸ್ ಒನ್ಸ್ ಲಾಯಲ್' (2005) ಬೇರೆ ಥರ. ರೆಕಾರ್ಡಿಂಗ್ ಸ್ವಚ್ಛ, ಪ್ರತಿ ರಿಫ್ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕು) ಬಿಡಿಬಿಡಿಯಾಗಿ ಕೇಳುತ್ತದೆ. 'ದಿ ಕಿಲ್‌ಚೈನ್' ಹಾಕಿ ನೋಡಿ, ತಲೆ ತಾನಾಗಿ ಆಡುತ್ತದೆ. ಕಾರ್ಲ್ ವಿಲೆಟ್ಸ್ ಗುಡುಗಿನಂಥ ದನಿಯಲ್ಲಿ ಹಾಡಿದರೂ ಪದಗಳು ಅರ್ಥವಾಗುತ್ತವೆ. ಡೆತ್ ಮೆಟಲ್‌ನಲ್ಲಿ ಇದು ಅಪರೂಪ. ಜೋ ಬೆಂಚ್ ಅವರ ಬಾಸ್ ಗಿಟಾರ್ ಎರಡರಲ್ಲೂ ಗಟ್ಟಿ. ಡ್ರಮ್ಸ್ ಮಾತ್ರ ಬೇರೆಯವರದು: ಮೊದಲನೆಯದರಲ್ಲಿ ಆಂಡ್ರ್ಯೂ ವೇಲ್, ಎರಡನೆಯದರಲ್ಲಿ ಮಾರ್ಟಿನ್ ಕರ್ನ್ಸ್.

'ದೋಸ್ ಒನ್ಸ್ ಲಾಯಲ್' ಅನ್ನು ಮೀರಿಸುವಂಥದ್ದು ಆಗದಿದ್ದರೆ ಹೊಸ ಆಲ್ಬಮ್ ಬೇಡ ಅಂತ ಬ್ಯಾಂಡೇ ನಿರ್ಧರಿಸಿತು, ಮತ್ತೆ ಮಾಡಲೂ ಇಲ್ಲ. ಸುಮ್ನೆ ಹೆಸರು ಮಾರಿಕೊಂಡು ಬದುಕುವ ಬ್ಯಾಂಡ್‌ಗಳ ನಡುವೆ ಈ ಹಟ ನನಗೆ ತುಂಬಾ ಇಷ್ಟ. 2015ರಲ್ಲಿ ಕರ್ನ್ಸ್ ತೀರಿಕೊಂಡರು, ಮರುವರ್ಷ ಬ್ಯಾಂಡ್ ನಿಂತಿತು.

ಮೆಟಲ್ ಹೊಸದಾದರೆ 2005ರದ್ದೇ ಮೊದಲು. ಡೂಮ್ (ನಿಧಾನದ, ಭಾರದ ಮೆಟಲ್) ಕೇಳಿ ಅಭ್ಯಾಸವಿದ್ದರೆ ನೇರವಾಗಿ 1992ಕ್ಕೆ ಹೋಗಿ.