ಗುಳ್ಳದ ಕುಂಡಕ್ಕೆ ನೀರು: ಟೈಮರ್, ಸೆನ್ಸರ್, ತಕ್ಕಡಿ

ಕಟಪಾಡಿಯ ನಮ್ಮ ಮನೆ ಟೆರೇಸಿನಲ್ಲಿ ಜನವರಿಯಿಂದ ಮೇವರೆಗೆ 12 ಕುಂಡಗಳಲ್ಲಿ ಮಟ್ಟುಗುಳ್ಳ, ಅಂದರೆ ನಮ್ಮ ಕಡೆಯ ಬದನೆ, ಬೆಳೆಸಿದೆ. ತಿನ್ನಲಿಕ್ಕಲ್ಲ, ಎಂಎಸ್ಸಿ ಪ್ರಾಜೆಕ್ಟಿಗೆ. ಗಿಡ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂಬುದೇ ನನಗೆ ಬೇಕಿದ್ದ ಲೆಕ್ಕ. ನಾಲ್ಕು ಕುಂಡಕ್ಕೆ ಟೈಮರ್, ನಾಲ್ಕಕ್ಕೆ ತೇವದ ಸೆನ್ಸರ್, ಉಳಿದ ನಾಲ್ಕಕ್ಕೆ ತೂಕದ ಯಂತ್ರ.

ಟೈಮರ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಗಂಟೆಗೆ 2 ಲೀಟರಿನ ಡ್ರಿಪ್ಪರ್, 15 ನಿಮಿಷ ಬಿಟ್ಟರೆ ಅರ್ಧ ಲೀಟರ್. ನಾನು ತಂದದ್ದು ಪ್ಲಗ್ಗಿಗೆ ಹಾಕುವ, ಡಯಲ್ ತಿರುಗುವ ಜಾತಿಯದ್ದು. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ಬೆಳಿಗ್ಗೆ 6ಕ್ಕೆ ಬರಬೇಕಾದ ನೀರು ತಿಂಗಳೊಳಗೆ ಮಧ್ಯಾಹ್ನದ ಸೆಖೆಗೆ ಬಂದು ಮುಟ್ಟಿತು. ಮೇ ತಿಂಗಳಲ್ಲಿ ಗುಡುಗು ಮಳೆ ಹೊಯ್ಯುವಾಗಲೂ ಪಂಪು ಪಾಪ ತನ್ನಷ್ಟಕ್ಕೆ ನೀರು ಬಿಡುತ್ತಿತ್ತು.

ಸೆನ್ಸರಿನಲ್ಲಿ ಎರಡು ಬಗೆ. ಎರಡು ಕಡ್ಡಿಯ ನಡುವೆ ಕರೆಂಟ್ ಹರಿಸಿ ಅಳೆಯುವ ರೆಸಿಸ್ಟಿವ್ ಅಗ್ಗ. ಆದರೆ ಒದ್ದೆ ಮಣ್ಣಿನಲ್ಲಿ ಅದರ ಲೋಹ ಕರಗುತ್ತಾ ಹೋಗುತ್ತದೆ. ನನ್ನದು ಮೂರೇ ವಾರಕ್ಕೆ ಹಸಿರು ಹಿಡಿದು ಕೆಟ್ಟಿತು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಬಾಳಿಕೆ ಬರುತ್ತದೆ. ಅದರ ಅಂಚಿಗೆ ನೇಲ್ ಪಾಲಿಶ್ ಬಳಿಯಿರಿ, ಸುಮ್ನೆ ಹೇಳುತ್ತಿಲ್ಲ, ನೀರು ನುಗ್ಗುವುದು ಅಲ್ಲಿಂದಲೇ. ಇನ್ನೊಂದು: ಸೆನ್ಸರ್ ಓದುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ವೈಫೈ ಆನ್ ಇದ್ದಾಗ ಎಡಿಸಿ2 ಎಂಬ ಗುಂಪಿನ ಪಿನ್‌ಗಳಲ್ಲಿ ರೀಡಿಂಗ್ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಎರಡು ಒಳ್ಳೆಯ ಸೆನ್ಸರ್ ಬಿಸಾಡಿದೆ.

ಅದೆಲ್ಲ ಸರಿ ಮಾಡಬಹುದು. ಆದರೆ ಸೆನ್ಸರಿಗೆ ಗೊತ್ತಿರುವುದು ತಾನು ನಿಂತ ಜಾಗದ ತೇವ ಮಾತ್ರ. ಹೊಯಿಗೆ ಮಣ್ಣಿನಲ್ಲಿ ನೀರು ಡ್ರಿಪ್ಪರಿನ ಕೆಳಗೆ ನೇರ ಇಳಿದುಬಿಡುತ್ತದೆ. ನಾಲ್ಕು ಬೆರಳು ಆಚೆ ಇದ್ದ ಸೆನ್ಸರ್ ಒಣಗಿದೆ, ಒಣಗಿದೆ ಎನ್ನುತ್ತಲೇ ಇತ್ತು. ಕುಂಡದ ಅಡಿಯಿಂದ ನೀರು ಹರಿದು ಮೆಟ್ಟಿಲಿಗೆ ಬಂದಿತ್ತು!

ಮೂರನೆಯದು ತೂಕ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 2017ರಲ್ಲಿ ಶುರುವಾದ ನಾನಾಜಿ ದೇಶ್‌ಮುಖ್ ಫೀನೋಮಿಕ್ಸ್ (ಗಿಡಗಳ ಗುಣ ಅಳೆಯುವ) ಕೇಂದ್ರದಲ್ಲಿ ಕುಂಡಗಳೇ ಬೆಲ್ಟಿನ ಮೇಲೆ ಬಂದು, ತೂಗಿಸಿಕೊಂಡು, ನೀರು ಕುಡಿದು ಹೋಗುತ್ತವೆ. ನನ್ನ ಕೈಗೆ ಎಟಕಿದ್ದು ಕುಂಡದಡಿಗೆ 20 ಕಿಲೋವರೆಗೆ ತೂಗುವ ಲೋಡ್ ಸೆಲ್ (ತೂಕದ ಸೆನ್ಸರ್), ಅದರ ಸಿಗ್ನಲ್ ಓದುವ ಒಂದು ಎಚ್‌ಎಕ್ಸ್711 ಬೋರ್ಡು, ಚಿಕ್ಕ ಪಂಪು. 1 ಗ್ರಾಂ ಇಳಿದರೆ 1 ಮಿಲಿಲೀಟರ್ ನೀರು ಹೋಗಿದೆ ಎಂದು ಲೆಕ್ಕ; ಹೋದಷ್ಟನ್ನು ಪಂಪು ಮತ್ತೆ ತುಂಬುತ್ತದೆ. ಮಣ್ಣಿಗೆ ಪ್ಲಾಸ್ಟಿಕ್ ಹೊದೆಸಿದರೆ ಹೋದದ್ದೆಲ್ಲ ಹೆಚ್ಚುಕಡಿಮೆ ಗಿಡ ಕುಡಿದದ್ದೇ. ಅಮ್ಮ ಕುಂಡ ಸ್ವಲ್ಪ ಎತ್ತಿ ನೋಡಿ ನೀರು ಹಾಕುವುದೂ ಇದೇ ಅಲ್ವಾ?

ಎಡವಟ್ಟಾದದ್ದು ಮಾರ್ಚಿನಲ್ಲಿ. ಗಿಡ ಬೆಳೆದು ಕಾಯಿ ಬಿಟ್ಟಂತೆ ಕುಂಡ ಭಾರವಾಯಿತು. ನೀರು ಬೇಕಾದಷ್ಟಿದೆ ಎಂದುಕೊಂಡು ಯಂತ್ರ ಕೈ ಬಿಗಿ ಮಾಡಿತು. ಎಲೆ ಜೋತುಬಿದ್ದರೂ ನನಗೆ ಹೊಳೆಯಲಿಲ್ಲ. ಅದೇ ವಾರ ಅಮ್ಮ ಹುಳಿಗೆಂದು ಎರಡು ಗುಳ್ಳ ಕೊಯ್ದರು. ತೂಕ ಅರ್ಧ ಕಿಲೋ ಇಳಿಯಿತು, ಪಂಪು ಒಮ್ಮೆಲೇ ಅರ್ಧ ಲೀಟರ್ ಸುರಿಯಿತು. ಆಗ ಅರ್ಥವಾಯಿತು. ಆಮೇಲೆ ವಾರಕ್ಕೊಮ್ಮೆ ಗಿಡದ ತೂಕ ಅಂದಾಜು ಮಾಡಿ ಕೋಡಿನಲ್ಲಿ ಸೇರಿಸಿದೆ, ಕೊಯ್ದ ಕಾಯಿಯನ್ನು ತೂಗಿ ಕಳೆದೆ. ಬಿಸಿಲಿಗೆ ಲೋಡ್ ಸೆಲ್ಲಿನ ರೀಡಿಂಗೂ ಜಾರುತ್ತದೆ. ಹಾಗಾಗಿ ಬೆಳಿಗ್ಗೆ 5ರ ತೂಕವನ್ನೇ ನಂಬಿದೆ.

ಗದ್ದೆಯಡಿಗೆ ತಕ್ಕಡಿ ಇಡಲಿಕ್ಕಾಗುವುದಿಲ್ಲ. ಅಲ್ಲಿ ಕೆಪಾಸಿಟಿವ್ ಸೆನ್ಸರ್, ಬೇರಿನ ಎರಡು ಆಳದಲ್ಲಿ. ಮನೆಯ ಬಸಳೆ, ಬೆಂಡೆಗೆ ಬ್ಯಾಟರಿ ಟೈಮರ್ ಧಾರಾಳ ಸಾಕು. ನನಗಂತೂ ಮುಂದಿನ ಜನವರಿಗೆ 12 ಕುಂಡಕ್ಕೂ ಲೋಡ್ ಸೆಲ್ಲೇ. ಕೊಯ್ಯುವ ಮೊದಲು ನನಗೊಂದು ಮಾತು ಹೇಳಬೇಕು ಎಂದು ಅಮ್ಮನಿಗೂ ಈಗಲೇ ಹೇಳಿಟ್ಟಿದ್ದೇನೆ.