ವೆಂಟಿಲೇಟರ್ ಬೇಕೇ, ಬೇಡವೇ: ಕ್ಯಾಥೊಲಿಕ್ ಆಸ್ಪತ್ರೆಯೊಂದರ ನೀತಿ ಸಮಾಲೋಚನಾ ಸೇವೆ

ಬೆಂಗಳೂರಿನ ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ ಐಸಿಯು ಮತ್ತು ಪ್ಯಾಲಿಯೇಟಿವ್ ಕೇರ್ (ಗುಣವಾಗದ ರೋಗಿಯ ನೋವು, ಸಂಕಟ ತಗ್ಗಿಸುವ ಆರೈಕೆ) ವಿಭಾಗಗಳ ಜೊತೆಯಲ್ಲೇ ನಡೆಯುವ ನೀತಿ ಸಮಾಲೋಚನಾ ಸೇವೆಯನ್ನು, ಅಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ನೈತಿಕ ಪ್ರಶ್ನೆಗಳಲ್ಲಿ ರೋಗಿಗೂ ಮನೆಯವರಿಗೂ ನೆರವಾಗುವ ಸೇವೆಯನ್ನು, ಕುರಿತ ವಿಮರ್ಶೆ ಇದು. ನನ್ನ ದೊಡ್ಡಪ್ಪನವರ ಕೊನೆಯ ವಾರಗಳಲ್ಲಿ ನಮ್ಮ ಕುಟುಂಬ ಈ ಸೇವೆಯನ್ನು ಪಡೆಯಿತು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಮಿಷನ್ ಆಸ್ಪತ್ರೆಗೆ ಹೋಗುವ ಬೇರೆ ಕುಟುಂಬಗಳಿಗೂ ಏನನ್ನು ನಿರೀಕ್ಷಿಸಬಹುದು, ಏನನ್ನು ಮೊದಲೇ ಕೇಳಿಕೊಳ್ಳಬೇಕು ಎಂಬುದು ತಿಳಿದಿದ್ದರೆ ಒಳ್ಳೆಯದೆಂದು ಬರೆಯುತ್ತಿದ್ದೇನೆ.

ನಾವು ಕ್ರೈಸ್ತರಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆಯಿಂದ ಹಿಡಿದು 1886ರ ಸೇಂಟ್ ಮಾರ್ಥಾಸ್, 1963ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಸೇಂಟ್ ಜಾನ್ಸ್‌ವರೆಗೆ ಕರ್ನಾಟಕದ ಕ್ಯಾಥೊಲಿಕ್ ಆಸ್ಪತ್ರೆಗಳ ರೋಗಿಗಳಲ್ಲಿ ನಮ್ಮಂಥವರಿಗೆ ಯಾವತ್ತೂ ಕೊರತೆಯಿಲ್ಲ. ಜಾತಿ, ಧರ್ಮ ಕೇಳುವುದಿಲ್ಲ, ಶುಶ್ರೂಷೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯಿಂದ ಹೋಗುತ್ತೇವೆ. ಆ ಶುಶ್ರೂಷೆಯ ಹಿಂದೆ ಒಂದು ನಿರ್ದಿಷ್ಟ ನೈತಿಕ ನಿಲುವಿದೆ ಎಂಬುದರ ಕಡೆಗೆ ಮಾತ್ರ ನಮ್ಮ ಗಮನ ಹೋಗುವುದು ಕಡಿಮೆ.

ದೊಡ್ಡಪ್ಪನವರಿಗೆ ಶ್ವಾಸಕೋಶದ ಕ್ಯಾನ್ಸರ್ ಯಕೃತ್ತಿಗೂ ಮೂಳೆಗಳಿಗೂ ಹರಡಿತ್ತು. ಬೈಪ್ಯಾಪ್ ಮಾಸ್ಕಿನ (ಮುಖಕ್ಕೆ ಕಟ್ಟಿ ಒತ್ತಡದಿಂದ ಗಾಳಿ ಕೊಡುವ ಯಂತ್ರದ) ಮೇಲೆ ಉಸಿರಾಡುತ್ತಿದ್ದರು. ಮುಂದಿನ ಹಂತದಲ್ಲಿ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕೇ ಎಂಬ ಪ್ರಶ್ನೆ ಬಂದಾಗ ಮನೆಯೊಳಗೆ ಎರಡು ಪಕ್ಷಗಳಾದವು. ಅಮೆರಿಕದಲ್ಲಿರುವ ಅಣ್ಣ ಎಲ್ಲವನ್ನೂ ಮಾಡಿಸಿ ಎಂದು ಫೋನಿನಲ್ಲಿ ಒತ್ತಾಯಿಸುತ್ತಿದ್ದ. ಹಗಲು ರಾತ್ರಿ ಪಕ್ಕದಲ್ಲಿದ್ದ ದೊಡ್ಡಮ್ಮ ಏನನ್ನೂ ಹೇಳುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತಿರುವುದೇ: ಒಂದೋ ಯಂತ್ರಗಳು ಒಂದರ ಮೇಲೊಂದು ಬರುತ್ತವೆ, ಇಲ್ಲವೇ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಂಬುಲೆನ್ಸ್ ಹತ್ತಿಸುತ್ತಾರೆ. ಇಲ್ಲಿ ವಾರ್ಡಿನ ನರ್ಸ್ ಒಬ್ಬರು ಸಮಾಲೋಚನೆಗೆ ಹೆಸರು ಬರೆಸಬಹುದೆಂದು ತಾವಾಗಿಯೇ ಹೇಳಿದರು.

ಸಭೆ ನಡೆದದ್ದು ಐಸಿಯು ಪಕ್ಕದ ಸಣ್ಣ ಕೋಣೆಯಲ್ಲಿ. ಚಿಕಿತ್ಸೆಯಲ್ಲಿ ಭಾಗಿಯಲ್ಲದ ಒಬ್ಬ ಹಿರಿಯ ವೈದ್ಯರು, ಪ್ಯಾಲಿಯೇಟಿವ್ ಕೇರ್ ನೋಡಿಕೊಳ್ಳುವ ಕನ್ಯಾಸ್ತ್ರೀ, ಸಮಾಜ ಕಾರ್ಯಕರ್ತೆ ಮತ್ತು ಆಸ್ಪತ್ರೆಯ ಪಾದ್ರಿ ಇದ್ದರು. ವೈದ್ಯರು ಸ್ಕ್ಯಾನ್ ವರದಿಯನ್ನು ವಿವರಿಸಿದ ಮೇಲೆ ನಾವೆಲ್ಲ ವೆಂಟಿಲೇಟರ್ ಬಗ್ಗೆ ವಾದಕ್ಕಿಳಿದೆವು. ಸ್ವಲ್ಪ ಹೊತ್ತು ಕೇಳಿಸಿಕೊಂಡ ಆ ಕನ್ಯಾಸ್ತ್ರೀ, ಅಂದರೆ ಸಿಸ್ಟರ್, ದೊಡ್ಡಮ್ಮನ ಕಡೆಗೆ ತಿರುಗಿ, “ಅಮ್ಮಾ, ಇವರೆಲ್ಲ ಮಾತಾಡ್ತಿದ್ದಾರೆ. ಯಜಮಾನರನ್ನ ಯಾರಾದ್ರೂ ಕೇಳಿದ್ರಾ?” ಎಂದರು. ಯಾರೂ ಕೇಳಿರಲಿಲ್ಲ. ಕೇಳುವುದಿರಲಿ, ಕಾಯಿಲೆ ಇಷ್ಟು ಮುಂದುವರಿದಿದೆ ಎಂಬುದನ್ನೇ ಅವರಿಂದ ಮುಚ್ಚಿಟ್ಟಿದ್ದೆವು. ನಮ್ಮ ಮನೆಗಳಲ್ಲಿ ಇದು ಪ್ರೀತಿಯ ಹೆಸರಿನಲ್ಲಿ ನಡೆಯುವ ಕೆಲಸ, ಹಾಗಾಗಿ ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ.

ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದೇ. ಮರುದಿನ ಸಿಸ್ಟರ್ ಮತ್ತು ವೈದ್ಯರು ದೊಡ್ಡಪ್ಪನ ಬಳಿ ಕುಳಿತರು. ಕಾಯಿಲೆಯ ಹೆಸರನ್ನು ಮುಖಕ್ಕೆ ರಾಚಿದಂತೆ ಹೇಳಲಿಲ್ಲ. ನಿಮಗೆ ಏನು ಗೊತ್ತಿದೆ, ಇನ್ನೆಷ್ಟು ತಿಳಿದುಕೊಳ್ಳಬೇಕೆನಿಸಿದೆ ಎಂದು ಮೊದಲು ಕೇಳಿದರು. ಅವರಿಗೆ ಹೆಚ್ಚುಕಡಿಮೆ ಎಲ್ಲವೂ ಗೊತ್ತಿತ್ತು. ಮಾಸ್ಕನ್ನು ಸ್ವಲ್ಪ ಸರಿಸಿ, “ಇದು ಸಾಕು. ಗಂಟಲಿಗೆ ಪೈಪು ಬೇಡ. ಅವನಿಗೂ ಹೇಳಿ” ಎಂದರು. ಆ ರಾತ್ರಿ ಅಣ್ಣನಿಗೆ ಈ ಮಾತನ್ನು ತಿಳಿಸಿದವರೂ ವೈದ್ಯರೇ. ಆ ಹೊರೆಯನ್ನು ದೊಡ್ಡಮ್ಮನ ತಲೆಗೆ ಕಟ್ಟಲಿಲ್ಲ.

ಕ್ರೈಸ್ತ ಆಸ್ಪತ್ರೆಯೆಂದರೆ ಪ್ರಾಣವನ್ನು ಹೇಗಾದರೂ ಹಿಡಿದಿಡಬೇಕೆಂದು ಹಟ ಮಾಡುತ್ತಾರೆ ಎಂದು ನಮ್ಮಲ್ಲಿ ಕೆಲವರು ಅಂಜಿದ್ದರು. ಪಾದ್ರಿಯವರು ಲ್ಯಾಬ್ ವರದಿಯ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಎಡಕ್ಕೆ ವೆಂಟಿಲೇಟರಿನಿಂದ ರೋಗಿಗೆ ಸಿಗುವುದನ್ನೂ ಬಲಕ್ಕೆ ಅವರು ಸಹಿಸಬೇಕಾದದ್ದನ್ನೂ ನಮ್ಮಿಂದಲೇ ಹೇಳಿಸಿ ಬರೆದರು. ಎಡಗಡೆ ಎರಡೇ ಸಾಲು ಬಂದವು. ಈ ವಿಚಾರಕ್ಕೆ ಹಳೆಯ ಆಧಾರವಿದೆ. 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ, ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ಆದರೆ ರೋಗಿಗೋ ಇತರರಿಗೋ ಅತಿಯಾದ ಹೊರೆಯಾಗುವ ಅಸಾಮಾನ್ಯ ಉಪಾಯಗಳಿಗೆ ಯಾರೂ ಬದ್ಧರಲ್ಲ ಎಂದು ಹೇಳಿದ್ದರು. ವ್ಯಾಟಿಕನ್ 1980ರ ತನ್ನ ಘೋಷಣೆಯಲ್ಲಿ ದಯಾಮರಣವನ್ನು ತಿರಸ್ಕರಿಸುತ್ತಲೇ ಈ ವಿವೇಚನೆಯನ್ನು ಉಳಿಸಿಕೊಂಡಿತು. ಆದ್ದರಿಂದ ವೆಂಟಿಲೇಟರ್ ಬೇಡವೆನ್ನುವುದು ಅವರ ಲೆಕ್ಕದಲ್ಲಿ ಕೊಲ್ಲುವುದೂ ಅಲ್ಲ, ಕೈಬಿಡುವುದೂ ಅಲ್ಲ. ಪಾದ್ರಿ ಇದನ್ನೆಲ್ಲ ಹೇಳುವಾಗ ಬೈಬಲಿನ ಒಂದು ವಚನವನ್ನೂ ಉದ್ಧರಿಸಲಿಲ್ಲ. ದೊಡ್ಡಮ್ಮ ಹಾಸಿಗೆಯ ಪಕ್ಕ ವಿಭೂತಿ ಗಟ್ಟಿ ಇಟ್ಟುಕೊಂಡಿದ್ದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ.

ಕಾನೂನಿನ ಮಾಹಿತಿಯೂ ಸ್ಪಷ್ಟವಾಗಿತ್ತು. ಗುಣವಾಗುವ ಆಶೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ತಡೆಹಿಡಿಯಲು ಅಥವಾ ಹಿಂತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಪ್ರಜ್ಞೆಯಿಲ್ಲದ ರೋಗಿಯಾದರೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ದೊಡ್ಡಪ್ಪ ಎಚ್ಚರದಲ್ಲಿದ್ದು ತಾವೇ ಬೇಡವೆಂದದ್ದರಿಂದ ನಮಗೆ ಆ ಹಾದಿ ಬೇಕಾಗಲಿಲ್ಲ. ಮುಂದೆ ತನಗೆ ಮಾತಾಡಲಾಗದಿದ್ದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಚಿತ ನಿರ್ದೇಶನ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕೆಂಬುದನ್ನು ಸಮಾಜ ಕಾರ್ಯಕರ್ತೆ ಕನ್ನಡದಲ್ಲೇ ಬಿಡಿಸಿ ಹೇಳಿದರು.

ನೋವಿನ ನಿರ್ವಹಣೆಗೆ ಪೂರ್ತಿ ಅಂಕ ಕೊಡುತ್ತೇನೆ. ಮಾರ್ಫಿನ್ ಕೊಟ್ಟರೆ ಉಸಿರು ನಿಂತೀತೆಂದು ನಾವು ಹೆದರಿದ್ದೆವು. ನೋವಿಗೆ ತಕ್ಕಷ್ಟೇ, ಸಣ್ಣ ಪ್ರಮಾಣದಿಂದ ಏರಿಸುತ್ತ ಹೋದರೆ ಆ ಅಪಾಯ ಕಡಿಮೆಯೆಂದು ಸಿಸ್ಟರ್ ವಿವರಿಸಿದರು. ನೋವು ನೀಗಿಸುವ ಉದ್ದೇಶದಿಂದ ಕೊಟ್ಟ ಔಷಧಿಯಿಂದ ಆಯುಷ್ಯ ಸ್ವಲ್ಪ ಮೊಟಕಾಗುವ ಸಂಭವವಿದ್ದರೂ ಅದು ನಿಷಿದ್ಧವಲ್ಲ, ಸಾವನ್ನು ಬಯಸಿಯೇ ಕೊಡುವುದು ಮಾತ್ರ ನಿಷಿದ್ಧ ಎಂಬುದು ಅವರ ಧರ್ಮದ ನಿಲುವು. ಇದನ್ನೂ ಪೋಪ್ ಪಯಸ್ 1957ರಲ್ಲೇ ಹೇಳಿದ್ದರು. ಮಾತ್ರೆಯ ಪೊಟ್ಟಣಗಳ ಮೇಲೆ ಹೊತ್ತನ್ನು ಕನ್ನಡದಲ್ಲಿ ಬರೆದು, ಜೊತೆಗೆ ಮಲಬದ್ಧತೆಯ ಸಿರಪ್ಪನ್ನು ಮರೆಯದೆ ಕೊಟ್ಟದ್ದು ಅನುಭವಸ್ಥರ ಕೆಲಸ. ಸಮಾಲೋಚನೆಗೆಂದು ಬಿಲ್ಲಿನಲ್ಲಿ ಪ್ರತ್ಯೇಕ ಶುಲ್ಕವಿರಲಿಲ್ಲ. ಐಸಿಯು ಬಿಲ್ಲು ಮಾತ್ರ ಬೇರೆ ಖಾಸಗಿ ಆಸ್ಪತ್ರೆಗಳಷ್ಟೇ ಬಂತು.

ಇನ್ನು ದೂರು. ಕೊನೆಯ ದಿನಗಳಲ್ಲಿ ದೊಡ್ಡಪ್ಪ ಮಂಪರಿಗೆ ಜಾರಿ ಊಟ ಬಿಟ್ಟಾಗ ಮೂಗಿನ ಮೂಲಕ ಆಹಾರದ ನಳಿಕೆ ಹಾಕುವ ಮಾತು ಬಂತು. ಪೈಪು ಬೇಡವೆಂದಿದ್ದರಲ್ಲ ಎಂದು ನಾವು ನೆನಪಿಸಿದಾಗ, ಅವರು ಬೇಡವೆಂದದ್ದು ಉಸಿರಾಟದ ಕೊಳವೆಯನ್ನು, ಆಹಾರ ಮತ್ತು ನೀರನ್ನು ಅದರ ಜೊತೆಗೆ ಸೇರಿಸಲಾಗದು ಎಂಬ ಉತ್ತರ ಸಿಕ್ಕಿತು. ನಳಿಕೆಯ ಮೂಲಕ ಕೊಟ್ಟರೂ ಅನ್ನ ನೀರು ತಾತ್ವಿಕವಾಗಿ ಸಾಮಾನ್ಯ ಉಪಾಯವೇ ಎಂಬುದು 2007ರಲ್ಲಿ ವ್ಯಾಟಿಕನ್ ಅಮೆರಿಕದ ಬಿಷಪ್ಪರಿಗೆ ಕೊಟ್ಟ ಉತ್ತರದ ಸಾರ. ಆದರೆ ಅದು ಮುಖ್ಯವಾಗಿ ದೀರ್ಘಕಾಲ ಪ್ರಜ್ಞಾಹೀನ ಸ್ಥಿತಿಯಲ್ಲಿರುವವರನ್ನು ಕುರಿತದ್ದು, ಮತ್ತು ದೇಹ ಆಹಾರವನ್ನು ಅರಗಿಸಿಕೊಳ್ಳಲಾರದಾಗ ಆ ಕರ್ತವ್ಯ ಉಳಿಯುವುದಿಲ್ಲವೆಂದು ಅದೇ ಬೋಧನೆ ಒಪ್ಪುತ್ತದೆ. ಸಾವಿನ ಅಂಚಿನಲ್ಲಿದ್ದ ರೋಗಿಗೆ ಅದನ್ನು ಅನ್ವಯಿಸಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ನಳಿಕೆ ಹಾಕಿದರು, ಕೊಟ್ಟದ್ದೆಲ್ಲ ಮೇಲೆ ಬರತೊಡಗಿ, ಎದೆಯಲ್ಲಿ ಗೊರಗೊರ ಶಬ್ದ ಹೆಚ್ಚಿತು. ಅದು ಶನಿವಾರ ಸಂಜೆ. ಸಮಾಲೋಚನಾ ತಂಡ ವಾರದ ದಿನಗಳಲ್ಲಿ ಮಾತ್ರ ಲಭ್ಯವಾದ್ದರಿಂದ ಸೋಮವಾರದವರೆಗೆ ನಳಿಕೆ ಹಾಗೇ ಇತ್ತು. ಸಿಸ್ಟರ್ ಬಂದು ನೋಡಿದೊಡನೆ ತೆಗೆಸಿ, ತುಟಿಗೆ ಒದ್ದೆ ಹತ್ತಿ ಒತ್ತುವುದನ್ನು ದೊಡ್ಡಮ್ಮನಿಗೆ ತೋರಿಸಿಕೊಟ್ಟರು.

ಸಂಸ್ಥೆಗೆ ತನ್ನದೇ ಆತ್ಮಸಾಕ್ಷಿಯ ನಿಲುವಿರುವುದರ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಥೊಲಿಕ್ ಬೋಧನೆ ಗರ್ಭಪಾತ, ಸಂತಾನಹರಣ ಶಸ್ತ್ರಚಿಕಿತ್ಸೆ, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಇವುಗಳನ್ನು ಒಪ್ಪುವುದಿಲ್ಲ. ಸಿಸೇರಿಯನ್ ಜೊತೆಗೇ ಆಪರೇಷನ್ನನ್ನೂ ಮಾಡಿಸಿಕೊಳ್ಳೋಣವೆಂದು ಬರುವ ತಾಯಿಗೆ ಈ ಸಂಗತಿ ಹೆರಿಗೆ ಮೇಜಿನ ಮೇಲೆ ತಿಳಿಯಬಾರದು. ಯಾವುದನ್ನು ಮಾಡುತ್ತೇವೆ, ಯಾವುದನ್ನು ಮಾಡುವುದಿಲ್ಲ ಎಂಬ ಒಂದು ಪುಟದ ಕಾಗದವನ್ನು ದಾಖಲಾತಿಯ ದಿನವೇ ಕನ್ನಡದಲ್ಲಿ ಕೊಡುವುದಕ್ಕೆ ಯಾವ ಅಡ್ಡಿಯಿದೆಯೋ ತಿಳಿಯದು. ನಾವು ಸಹಿ ಹಾಕಿದ ಸಮಾಲೋಚನಾ ದಾಖಲೆಯೂ ಪೂರ್ತಿ ಇಂಗ್ಲಿಷಿನಲ್ಲಿತ್ತು. ದೊಡ್ಡಮ್ಮ ಓದಲಾಗದ ಕಾಗದಕ್ಕೆ ಸಹಿ ಮಾಡಿದರು.

ಇಷ್ಟಾದರೂ, ಗಂಭೀರ ರೋಗಿಯಿರುವ ಮನೆಯವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುತ್ತೇನೆ. ದಾಖಲಾದ ದಿನವೇ ಸಮಾಲೋಚನೆ ಕೇಳಿ, ರೋಗಿಗೆ ಎಚ್ಚರವಿರುವಾಗಲೇ ಸಭೆ ನಡೆಸಿ, ಉಸಿರಾಟದ ಕೊಳವೆ, ಆಹಾರದ ನಳಿಕೆ, ಡಯಾಲಿಸಿಸ್ ಇವುಗಳ ಬಗ್ಗೆ ಒಂದೊಂದಾಗಿ ರೋಗಿಯ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ. ನಮ್ಮ ದೂರನ್ನು ಬರಹದಲ್ಲಿ ಕೊಟ್ಟಾಗ ಆಸ್ಪತ್ರೆಯ ಉತ್ತರ ಬಂದಿದೆ: ಸಮಾಲೋಚನಾ ದಾಖಲೆಯ ಕನ್ನಡ ರೂಪ ಸಿದ್ಧವಾಗುತ್ತಿದೆಯಂತೆ, ವಾರಾಂತ್ಯಕ್ಕೆ ಫೋನಿನಲ್ಲಿ ಒಬ್ಬರು ಸಿಗುತ್ತಾರಂತೆ. ಆಹಾರ ನಳಿಕೆಯ ನಿಲುವನ್ನು ದಾಖಲಾತಿ ಪತ್ರದಲ್ಲಿ ಸೇರಿಸುವ ಬಗ್ಗೆ ಆ ಉತ್ತರದಲ್ಲಿ ಏನೂ ಇಲ್ಲ.